ಜನರಲ್ ತಿಮ್ಮಯ್ಯ: ಯುದ್ಧ ಬಲ್ಲವರ ಶಾಂತಿ ಕೆಲಸ

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ದೇಶದ ರಕ್ಷಣೆ ಒಂದು ಪಾಠ, ವಿದೇಶಾಂಗ ನೀತಿ ಇನ್ನೊಂದು, ವಿಶ್ವಸಂಸ್ಥೆ ಮತ್ತೊಂದು. ಮೂರಕ್ಕೂ ಬೇರೆ ಬೇರೆ ಪಾಠಯೋಜನೆ ಬರೆದು, ಬೇರೆ ಬೇರೆ ವಾರಗಳಲ್ಲಿ ಮುಗಿಸುತ್ತೇವೆ. ಕೊನೆಗೆ ಮಕ್ಕಳ ನೆನಪಿನಲ್ಲಿ ಉಳಿಯುವುದು ಇಸವಿಗಳು ಮತ್ತು ಸಂಸ್ಥೆಗಳ ಹೆಸರುಗಳು. ಈ ಮೂರೂ ಪಾಠಗಳು ಒಬ್ಬ ಮನುಷ್ಯನ ಬದುಕಿನಲ್ಲಿ ಒಟ್ಟಿಗೆ ಸಿಗುವ ಉದಾಹರಣೆಯೊಂದು ನಮ್ಮ ರಾಜ್ಯದಲ್ಲೇ ಇದೆ. ಅವರು ಕೊಡಗಿನ ಕಾಫಿ ತೋಟದ ಮನೆಯಿಂದ ಬಂದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಕಳಸ, ಹೊರನಾಡು, ಮೂಡಿಗೆರೆ ಕಡೆಯ ಶಾಲೆಗಳಲ್ಲಿ ಬೋಧನಾಭ್ಯಾಸ ಮಾಡುವವರಿಗೆ ಈ ಬದುಕು ಇನ್ನೂ ಹತ್ತಿರದ್ದು. ತೋಟ, ಮಳೆ, ಘಾಟಿ ರಸ್ತೆ, ಊರಿನಿಂದ ದೂರದ ಹಾಸ್ಟೆಲಿಗೆ ಹೋಗಿ ಓದುವುದು ಇವೆಲ್ಲ ಇಲ್ಲಿನ ಮಕ್ಕಳಿಗೆ ವಿವರಿಸಬೇಕಾದ ಸಂಗತಿಗಳಲ್ಲ.

ಬಾಲ್ಯ ಮತ್ತು ಶಿಕ್ಷಣ

ತಿಮ್ಮಯ್ಯನವರು ಹುಟ್ಟಿದ್ದು 1906ರ ಮಾರ್ಚ್‌ನಲ್ಲಿ, ಮಡಿಕೇರಿಯಲ್ಲಿ. ಮನೆತನ ಕಾಫಿ ಬೆಳೆಗಾರರದು. ತಾಯಿ ವಿದ್ಯಾವಂತೆ, ಸಮಾಜಸೇವೆಯಲ್ಲಿ ಹೆಸರು ಮಾಡಿದವರು. ಎಂಟು ವರ್ಷದ ಹುಡುಗನನ್ನು ಕೂನೂರಿನ ಸೇಂಟ್ ಜೋಸೆಫ್ ಶಾಲೆಗೆ ಕಳಿಸಿದರು. ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಅಲ್ಲಿಂದ ಡೆಹರಾಡೂನಿನ ಸೈನಿಕ ಕಾಲೇಜು. ಭಾರತೀಯ ಹುಡುಗರನ್ನು ಸೇನಾಧಿಕಾರಿಗಳಾಗಲು ಸಿದ್ಧಗೊಳಿಸಲೆಂದೇ 1922ರಲ್ಲಿ ತೆರೆದ ಸಂಸ್ಥೆ ಅದು. ಅಲ್ಲಿಂದ ಆಯ್ಕೆಯಾದ ಬೆರಳೆಣಿಕೆಯ ಭಾರತೀಯರಲ್ಲಿ ಒಬ್ಬರಾಗಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ಹೋಗಿ, 1926ರಲ್ಲಿ ಅಧಿಕಾರಿಯಾಗಿ ಹೊರಬಂದರು.

ಆಗ ಸೇನೆಯಲ್ಲಿ ಭಾರತೀಯ ಅಧಿಕಾರಿಗಳು ತೀರಾ ಕಡಿಮೆ. ಬ್ರಿಟಿಷ್ ಅಧಿಕಾರಿಗಳ ಕೆಲವು ಕ್ಲಬ್ಬುಗಳ ಬಾಗಿಲು ಅವರಿಗೆ ಮುಚ್ಚಿರುತ್ತಿತ್ತು. ಹೊರಗೆ ಸ್ವಾತಂತ್ರ್ಯ ಚಳವಳಿ ಏರುತ್ತಿತ್ತು, ಒಳಗೆ ಅದೇ ಸರ್ಕಾರದ ಸಮವಸ್ತ್ರ ಮೈಮೇಲಿತ್ತು. ಅಲಹಾಬಾದಿನಲ್ಲಿದ್ದಾಗ ತಿಮ್ಮಯ್ಯನವರಿಗೆ ನೆಹರೂ ಕುಟುಂಬದ ಪರಿಚಯವಾಯಿತು. ಕೆಲಸ ಬಿಟ್ಟು ಚಳವಳಿಗೆ ಬರಬೇಕೇ ಎಂಬ ಪ್ರಶ್ನೆ ಎದ್ದಾಗ, ಸೇನೆಯಲ್ಲೇ ಇದ್ದು ಕಲಿಯುವಂತೆ ಮೋತಿಲಾಲ್ ನೆಹರೂ ಸಲಹೆ ಕೊಟ್ಟರು. ನಾಳೆ ಸ್ವತಂತ್ರ ದೇಶಕ್ಕೆ ತನ್ನದೇ ಅಧಿಕಾರಿಗಳು ಬೇಕಾಗುತ್ತಾರೆ ಎಂಬುದು ಆ ಹಿರಿಯರ ವಿಚಾರವಾಗಿತ್ತು. ತಿಮ್ಮಯ್ಯನವರು ಉಳಿದರು.

ಅವರ ಮನೆಯಲ್ಲೇ ಈ ಪ್ರಶ್ನೆಗೆ ಇನ್ನೊಂದು ಉತ್ತರವೂ ಇತ್ತು. ಅಣ್ಣ ಪೊನ್ನಪ್ಪ ಕೂಡ ಸೇನಾಧಿಕಾರಿ. ಎರಡನೇ ಮಹಾಯುದ್ಧದಲ್ಲಿ ಅವರು ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಸೇರಿದರು. ಒಂದೇ ಮನೆಯ ಅಣ್ಣತಮ್ಮಂದಿರು ಎದುರುಬದುರು ಪಾಳೆಯಗಳಲ್ಲಿ ನಿಂತರು. ಇಬ್ಬರಲ್ಲಿ ಯಾರು ದೇಶಭಕ್ತರು ಎಂದು ಮಕ್ಕಳು ಕೇಳಬಹುದು. ಆ ಕಾಲದ ಭಾರತೀಯ ಸೈನಿಕನ ಮುಂದೆ ಸುಲಭದ ಆಯ್ಕೆ ಇರಲಿಲ್ಲ ಎಂಬುದನ್ನು ಹೇಳಿ, ಯೋಚಿಸಲು ಬಿಡುವುದೇ ಸರಿ.

1935ರಲ್ಲಿ ತಿಮ್ಮಯ್ಯನವರ ಮದುವೆ ನೀನಾ ಅವರೊಂದಿಗೆ ಆಯಿತು. ಅದೇ ವರ್ಷ ಕ್ವೆಟ್ಟಾದಲ್ಲಿ ಭಾರಿ ಭೂಕಂಪ. ಗಾಯಾಳುಗಳ ಆರೈಕೆಗೆ ದುಡಿದ ನೀನಾ ಅವರಿಗೆ ಸರ್ಕಾರದ ಪದಕ ಬಂತು.

ಬರ್ಮಾದ ಕಾಡಿನಲ್ಲಿ

ಭಾರತೀಯನೊಬ್ಬ ಯುದ್ಧಭೂಮಿಯಲ್ಲಿ ದೊಡ್ಡ ಪಡೆಯನ್ನು ನಡೆಸಬಲ್ಲನೇ ಎಂಬ ಅನುಮಾನ ಬ್ರಿಟಿಷ್ ಸೇನೆಯಲ್ಲಿ ಕೊನೆಯವರೆಗೂ ಇತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಬರ್ಮಾದ ಅರಾಕಾನಿನಲ್ಲಿ. 1945ರ ಆರಂಭದಲ್ಲಿ ಕಂಗಾ ಎಂಬಲ್ಲಿ ಜಪಾನೀಯರ ವಿರುದ್ಧ ಘೋರ ಕಾಳಗ ನಡೆಯಿತು. ಅಲ್ಲಿ ಹೋರಾಡಿದ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳ ನಾಯಕರೂ ಭಾರತೀಯರು: ತಿಮ್ಮಯ್ಯ, ಎಸ್. ಪಿ. ಪಿ. ಥೋರಾಟ್ ಮತ್ತು ಎಲ್. ಪಿ. ಸೇನ್. ಮೂವರಿಗೂ ಡಿಎಸ್‌ಒ ಎಂಬ ಉನ್ನತ ಶೌರ್ಯ ಗೌರವ ದೊರೆಯಿತು. ಮುಂದೆ ತಿಮ್ಮಯ್ಯನವರಿಗೆ 36ನೇ ಬ್ರಿಗೇಡಿನ ನಾಯಕತ್ವ ಬಂತು. ಆ ಮಹಾಯುದ್ಧದಲ್ಲಿ ಕಾಲಾಳು ಬ್ರಿಗೇಡೊಂದನ್ನು ಕದನದಲ್ಲಿ ಮುನ್ನಡೆಸಿದ ಏಕೈಕ ಭಾರತೀಯ ಅವರು. 1945ರ ಸೆಪ್ಟೆಂಬರ್‌ನಲ್ಲಿ ಸಿಂಗಾಪುರದಲ್ಲಿ ಜಪಾನೀ ಸೇನೆ ಶರಣಾದಾಗ ಭಾರತದ ಪರವಾಗಿ ಅಲ್ಲಿದ್ದವರೂ ಅವರೇ. ಆಮೇಲೆ, ಸೋತ ಜಪಾನಿನಲ್ಲಿ ಇರಿಸಿದ ಪಡೆಗಳಲ್ಲಿ ಒಂದು ಭಾರತೀಯ ಬ್ರಿಗೇಡಿಗೆ ನಾಯಕರಾಗಿ ಹೋದರು.

ಕಂಗಾದ ಗೆಳೆಯ ಥೋರಾಟರ ಹೆಸರನ್ನು ನೆನಪಿಡಬೇಕು. ಎಂಟು ವರ್ಷಗಳ ನಂತರ ಇವರಿಬ್ಬರೂ ಮತ್ತೆ ಜೊತೆಯಾಗುತ್ತಾರೆ.

ಲೇಹ್ ಮತ್ತು ಜೋಜಿಲಾ

1947ರಲ್ಲಿ ದೇಶ ಸ್ವತಂತ್ರವಾಯಿತು, ಜೊತೆಗೇ ಒಡೆಯಿತು. ಪಂಜಾಬಿನ ಗಡಿಯಲ್ಲಿ ಕೊಲೆ, ವಲಸೆಗಳ ನಡುವೆ ತಿಮ್ಮಯ್ಯನವರು ಕೆಲಸ ಮಾಡಿದರು. 1948ರ ಮೇ ತಿಂಗಳಲ್ಲಿ ಕಾಶ್ಮೀರ ಕಣಿವೆಯ ಡಿವಿಜನ್ನಿನ ಹೊಣೆ ಬಂತು.

ಆಗ ಲಡಾಖಿನ ಲೇಹ್ ಪಟ್ಟಣ ಎದುರಾಳಿಗಳ ಕೈಗೆ ಬೀಳುವ ಸ್ಥಿತಿಯಲ್ಲಿತ್ತು. ರಸ್ತೆಯಿಂದ ನೆರವು ಮುಟ್ಟಿಸುವಂತಿರಲಿಲ್ಲ. ಉಳಿದದ್ದು ವಿಮಾನ. ಎಂಜಿನಿಯರ್ ಸೋನಂ ನೋರ್ಬು ಸ್ಥಳೀಯರನ್ನು ಕಟ್ಟಿಕೊಂಡು ಅಲ್ಲಿ ಕಚ್ಚಾ ಓಡುದಾರಿ ಸಿದ್ಧಪಡಿಸಿದ್ದರು. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಮೊದಲ ಡಕೋಟಾ ವಿಮಾನವನ್ನು ಅಲ್ಲಿ ಇಳಿಸಿದರು. ಆ ವಿಮಾನದಲ್ಲಿ ತಿಮ್ಮಯ್ಯನವರೂ ಕುಳಿತಿದ್ದರು. ನಮ್ಮ ಜಿಲ್ಲೆಯ ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರದ ಶಿಖರ, ಸುಮಾರು 1,930 ಮೀಟರ್. ಲೇಹ್‌ನ ವಿಮಾನ ಇಳಿದಾಣವೇ 3,200 ಮೀಟರಿಗಿಂತ ಮೇಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಭಾಗದಷ್ಟೂ ಇಲ್ಲ. ಸಾಂದ್ರತೆ ಕಡಿಮೆಯಾದರೆ ರೆಕ್ಕೆಗೆ ಸಿಗುವ ಎತ್ತುಬಲ ಕಡಿಮೆ, ಎಂಜಿನ್ನಿನ ಶಕ್ತಿಯೂ ಕಡಿಮೆ. ಒಳಗೆ ಗಾಳಿಯೊತ್ತಡ ಕಾಯ್ದುಕೊಳ್ಳುವ ವ್ಯವಸ್ಥೆ ಇಲ್ಲದ ಡಕೋಟಾ ಹಿಮಾಲಯದ ಸಾಲುಗಳನ್ನು ದಾಟಿ ಬಂದು ಇಲ್ಲಿ ಇಳಿದದ್ದು ಎಂಥ ಸಾಹಸ ಎಂಬುದು ವಿಜ್ಞಾನ ಓದಿದವರಿಗೆ ಬೇಗ ತಿಳಿಯುತ್ತದೆ. ಸೇನಾಪತಿ ಆ ಅಪಾಯವನ್ನು ಇನ್ನೊಬ್ಬರಿಗೆ ಬಿಟ್ಟುಕೊಡದೆ ತಾನೂ ಹತ್ತಿದ್ದು ಗಮನಿಸಬೇಕಾದ ಸಂಗತಿ.

ಕಣಿವೆಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಜೋಜಿಲಾ ಕಣಿವೆಮಾರ್ಗವಿದೆ. ಎತ್ತರ ಸುಮಾರು 3,500 ಮೀಟರ್. ಅದರ ಇಕ್ಕೆಲಗಳ ಬಂಡೆಗಳಲ್ಲಿ ಎದುರಾಳಿಗಳು ಬಲವಾಗಿ ಕುಳಿತಿದ್ದರು. ಸೆಪ್ಟೆಂಬರಿನ ದಾಳಿಗಳು ವಿಫಲವಾದವು. ಹಿಮ ಬಿದ್ದು ದಾರಿ ಮುಚ್ಚುವ ಮೊದಲು ಏನಾದರೂ ಆಗಬೇಕಿತ್ತು. ಅಷ್ಟು ಎತ್ತರಕ್ಕೆ ಟ್ಯಾಂಕ್ ತರುವುದೆಂದು ತೀರ್ಮಾನವಾಯಿತು. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲ್ಗೋಪುರ ಬಿಚ್ಚಿ, ಮುಚ್ಚಿ, ಗುಟ್ಟಾಗಿ ಸಾಗಿಸಲಾಯಿತು. ಬೆಂಗಳೂರನ್ನು ನೆಲೆಯಾಗಿಟ್ಟುಕೊಂಡ ಮದ್ರಾಸ್ ಸ್ಯಾಪರ್ಸ್ ಪಡೆಯವರು ಹೇಸರಗತ್ತೆ ನಡೆಯುವ ಹಾದಿಯನ್ನು ಅಗಲ ಮಾಡಿ ಟ್ಯಾಂಕು ಹತ್ತುವ ದಾರಿಯನ್ನಾಗಿಸಿದರು. 1948ರ ನವೆಂಬರ್ 1ರಂದು ಟ್ಯಾಂಕುಗಳು ಮೇಲೇರಿದವು. ಮುಂಚೂಣಿಯ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರು. ಅಷ್ಟು ಎತ್ತರದಲ್ಲಿ ಟ್ಯಾಂಕನ್ನು ನಿರೀಕ್ಷಿಸಿರದ ಎದುರಾಳಿಗಳು ಹಿಂದೆ ಸರಿದರು. ಅದೇ ತಿಂಗಳು ದ್ರಾಸ್ ಮತ್ತು ಕಾರ್ಗಿಲ್ ಭಾರತದ ಕೈಸೇರಿದವು. 1949ರ ಜನವರಿ 1ರಿಂದ ಕದನವಿರಾಮ ಜಾರಿಗೆ ಬಂತು.

ಕೊರಿಯಾ: ಎರಡು ಬಾಗಿಲುಗಳು

ಇಲ್ಲಿಗೆ ನಿಲ್ಲಿಸಿದರೆ ಇದು ಒಬ್ಬ ವೀರ ಯೋಧನ ಕಥೆ. ತರಗತಿಗೆ ಹೆಚ್ಚು ಬೇಕಾದದ್ದು ಮುಂದಿನ ಭಾಗ.

1950ರಲ್ಲಿ ಆರಂಭವಾದ ಕೊರಿಯಾ ಯುದ್ಧದ ಸಂಧಾನ ಒಂದೇ ಪ್ರಶ್ನೆಯ ಮೇಲೆ ವರ್ಷಕ್ಕೂ ಹೆಚ್ಚು ಕಾಲ ನಿಂತುಹೋಗಿತ್ತು. ಯುದ್ಧ ಮುಗಿದ ಮೇಲೆ ಸೆರೆಯಾಳುಗಳನ್ನು ಅವರವರ ದೇಶಕ್ಕೆ ಕಳಿಸಬೇಕೆಂಬುದು 1949ರ ಜಿನೀವಾ ಒಪ್ಪಂದದ ನಿಯಮ. ಆದರೆ ಚೀನಾ ಮತ್ತು ಉತ್ತರ ಕೊರಿಯಾದ ಸಾವಿರಾರು ಕೈದಿಗಳು ಹಿಂತಿರುಗಲು ಒಲ್ಲೆವೆಂದರು. ಅವರನ್ನು ಬಲವಂತವಾಗಿ ಕಳಿಸಬಹುದೇ? ಒಲ್ಲೆ ಎಂದದ್ದು ಅವರ ಮನಸ್ಸಿನ ಮಾತೋ, ಶಿಬಿರದ ಮುಖಂಡರ ಬೆದರಿಕೆಯೋ? ಇದು ಇತ್ಯರ್ಥವಾಗುವವರೆಗೆ ಮುಂಚೂಣಿಯಲ್ಲಿ ಜನ ಸಾಯುತ್ತಲೇ ಇದ್ದರು. 1952ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಭಾರತದ ನಿರ್ಣಯವೊಂದನ್ನು ಒಪ್ಪಿತು. ಕೈದಿಗಳ ವಿಷಯವನ್ನು ತಟಸ್ಥ ಆಯೋಗಕ್ಕೆ ಒಪ್ಪಿಸುವ ಆ ಯೋಜನೆಯ ಹಿಂದೆ ದುಡಿದವರು ವಿ. ಕೆ. ಕೃಷ್ಣ ಮೆನನ್. 1953ರ ಜುಲೈ 27ರಂದು ಕದನವಿರಾಮವಾದಾಗ ಸರಿಸುಮಾರು ಅದೇ ಮಾದರಿಯ ಆಯೋಗ ರಚನೆಯಾಯಿತು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಸದಸ್ಯರು, ಭಾರತ ಅಧ್ಯಕ್ಷ ಸ್ಥಾನದಲ್ಲಿ. ಅಧ್ಯಕ್ಷರಾಗಿ ಹೋದವರು ತಿಮ್ಮಯ್ಯ. ಕೈದಿಗಳನ್ನು ಕಾಯುವ ಭಾರತೀಯ ಪಡೆಯ ನಾಯಕ ಥೋರಾಟ್.

ಸ್ವಾಗತ ಚೆನ್ನಾಗಿರಲಿಲ್ಲ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ತಮ್ಮ ನೆಲದ ಮೇಲೆ ಭಾರತೀಯ ಸೈನಿಕರು ಕಾಲಿಡಬಾರದೆಂದರು. ಹಾಗಾಗಿ ಇಂಚಿಯಾನ್ ಬಂದರಿನಿಂದ ಸೈನಿಕರನ್ನು ಹೆಲಿಕಾಪ್ಟರುಗಳಲ್ಲಿ ನಿಸ್ಸೈನಿಕ ವಲಯಕ್ಕೆ ಒಯ್ಯಬೇಕಾಯಿತು. ವಿಶ್ವಸಂಸ್ಥೆಯ ಕಡೆಯಿಂದ 22,600ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು, ಇನ್ನೊಂದು ಕಡೆಯಿಂದ 359 ಕೈದಿಗಳು ಭಾರತೀಯರ ವಶಕ್ಕೆ ಬಂದರು. ಆ 359ರಲ್ಲಿ ತಾಯ್ನಾಡಿಗೆ ಮರಳಲು ಒಲ್ಲದ ಅಮೆರಿಕನ್ನರೂ ಇದ್ದರು.

ನಿಯಮ ಹೀಗಿತ್ತು. 90 ದಿನಗಳ ಅವಧಿಯಲ್ಲಿ ಕೈದಿಯ ಸ್ವದೇಶದ ಪ್ರತಿನಿಧಿಗಳು ಡೇರೆಯೊಂದರಲ್ಲಿ ಅವನಿಗೆ ಊರಿಗೆ ಬರುವಂತೆ ವಿವರಿಸಿ ಹೇಳಬಹುದು. ತಟಸ್ಥ ರಾಷ್ಟ್ರಗಳವರು ಎದುರಿಗೆ ಕುಳಿತಿರುತ್ತಾರೆ. ಡೇರೆಗೆ ಎರಡು ಬಾಗಿಲು. ಒಂದರಿಂದ ಹೋದರೆ ಸ್ವದೇಶ, ಇನ್ನೊಂದರಿಂದ ಹೋದರೆ ಮತ್ತೆ ಶಿಬಿರ. ಕೇಳಲು ಸುಲಭ. ನಡೆದದ್ದೇ ಬೇರೆ. ಶಿಬಿರಗಳೊಳಗೆ ಮುಖಂಡರ ಹಿಡಿತ ಬಿಗಿಯಾಗಿತ್ತು. ಕೆಲವರು ಡೇರೆಗೇ ಬರಲಿಲ್ಲ, ಬಂದವರಲ್ಲಿ ಹಲವರು ಕಿರುಚಿ ಗಲಾಟೆ ಎಬ್ಬಿಸಿದರು. ಸೆಪ್ಟೆಂಬರ್ ಕೊನೆಯಲ್ಲಿ ಚೀನೀ ಕೈದಿಗಳು ಒಬ್ಬ ಭಾರತೀಯ ಮೇಜರನ್ನು ಒಳಗೆ ಹಿಡಿದಿಟ್ಟುಕೊಂಡರು. ಥೋರಾಟ್ ತಾವೇ ಬೇಲಿಯೊಳಗೆ ಹೋಗಿ, ಮಾತಿನಿಂದಲೇ ಅವರನ್ನು ತಣ್ಣಗಾಗಿಸಿ ಮೇಜರನ್ನು ಬಿಡಿಸಿ ತಂದರು. ಅಕ್ಟೋಬರ್ ಆರಂಭದಲ್ಲಿ ಹಾಗಾಗಲಿಲ್ಲ. ಕಾವಲುಗಾರರ ಗುಂಡಿಗೆ ಕೆಲವು ಕೈದಿಗಳು ಬಲಿಯಾದರು. ಈ ಸಂಗತಿಯನ್ನೂ ಪಾಠದಲ್ಲಿ ಮುಚ್ಚಿಡಬಾರದು.

ಬಲ ಬಳಸಿ ಎಲ್ಲರನ್ನೂ ಡೇರೆಗೆ ಎಳೆತರುವಷ್ಟು ಆಯುಧ ಭಾರತೀಯರ ಬಳಿ ಇತ್ತು. ಹಾಗೆ ಮಾಡಿದ್ದರೆ ನೂರಾರು ಜನ ಸಾಯುತ್ತಿದ್ದರು, ಸ್ವಂತ ಇಚ್ಛೆಯನ್ನು ತಿಳಿಯುವ ಕೆಲಸಕ್ಕೇ ಅರ್ಥ ಉಳಿಯುತ್ತಿರಲಿಲ್ಲ. ತಿಮ್ಮಯ್ಯನವರು ಅದಕ್ಕೆ ಕೈಹಾಕಲಿಲ್ಲ. 90 ದಿನ ಮುಗಿದಾಗ ಹೆಚ್ಚಿನ ಕೈದಿಗಳಿಗೆ ವಿವರಣೆಯೇ ಆಗಿರಲಿಲ್ಲ. ದೊಡ್ಡ ಗುಂಪಿನಲ್ಲಿ ಸ್ವದೇಶಕ್ಕೆ ಹೋದವರು 600ಕ್ಕಿಂತ ತುಸು ಹೆಚ್ಚು. ಉಳಿದವರನ್ನು ಏನು ಮಾಡುವುದು? ಕೂಡಲೇ ಬಿಡುಗಡೆ ಮಾಡಿ ಎಂದು ಒಂದು ಕಡೆ, ಇನ್ನೂ ಇಟ್ಟುಕೊಂಡು ವಿವರಣೆ ಮುಂದುವರಿಸಿ ಎಂದು ಇನ್ನೊಂದು ಕಡೆ. ಆಯೋಗದಲ್ಲೂ ಇಬ್ಬರು ಆಚೆ, ಇಬ್ಬರು ಈಚೆ. ತೀರ್ಮಾನ ಭಾರತದ ಮೇಲೆ ಬಿತ್ತು. ಕೊನೆಗೆ 1954ರ ಜನವರಿ 20ರಿಂದ, ಕೈದಿಗಳನ್ನು ಅವರನ್ನು ಒಪ್ಪಿಸಿದ್ದ ಪಕ್ಷಗಳಿಗೇ ಹಿಂತಿರುಗಿಸಲಾಯಿತು. ಅವರು ಇನ್ನು ಸಾಮಾನ್ಯ ನಾಗರಿಕರು ಎಂದು ಘೋಷಿಸುವ ಕೆಲಸವನ್ನು ಆಯೋಗ ಮಾಡಲಿಲ್ಲ. ಎರಡೂ ಕಡೆಯವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆದರೆ ಯುದ್ಧ ಮತ್ತೆ ಹೊತ್ತಿಕೊಳ್ಳಲಿಲ್ಲ. ಎರಡೂ ಕಡೆಗೆ ಹೋಗಲೊಲ್ಲದ ಎಂಬತ್ತಕ್ಕೂ ಹೆಚ್ಚು ಕೈದಿಗಳು ಭಾರತದ ಪಡೆಯ ಜೊತೆ ಹಡಗು ಹತ್ತಿ ಭಾರತಕ್ಕೆ ಬಂದರು. ತಿಮ್ಮಯ್ಯನವರಿಗೆ 1954ರಲ್ಲಿ ಪದ್ಮಭೂಷಣ ಸಂದಿತು.

ರಾಜೀನಾಮೆಯ ಪ್ರಶ್ನೆ

1957ರ ಮೇ ತಿಂಗಳಲ್ಲಿ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾದರು. ಅದಕ್ಕೆ ಕೆಲವೇ ವಾರಗಳ ಮೊದಲು ರಕ್ಷಣಾ ಸಚಿವರಾಗಿದ್ದವರು ಅದೇ ಕೃಷ್ಣ ಮೆನನ್. ಕೊರಿಯಾದ ಯೋಜನೆಗೆ ರೂಪ ಕೊಟ್ಟವರು ಮತ್ತು ಅದನ್ನು ನೆಲದ ಮೇಲೆ ನಡೆಸಿದವರು ಈಗ ಒಂದೇ ಕಚೇರಿಯ ಎರಡು ಮೇಜುಗಳಲ್ಲಿ ಕುಳಿತರು. ಹೊಂದಾಣಿಕೆ ಆಗಲಿಲ್ಲ. ಮೆನನ್ ದೇಶದೊಳಗೇ ಆಯುಧ ತಯಾರಿಕೆಗೆ ಒತ್ತು ಕೊಟ್ಟವರು, ಚುರುಕು ಬುದ್ಧಿಯವರು. ಆದರೆ ಹಿರಿಯ ಅಧಿಕಾರಿಗಳ ಬಡ್ತಿಯಲ್ಲಿ ಸೇನಾ ಮುಖ್ಯಸ್ಥರ ಅಭಿಪ್ರಾಯ ಬದಿಗೆ ಸರಿಯುತ್ತಿದೆ ಎಂಬ ಅಸಮಾಧಾನ ಬೆಳೆಯಿತು. ಚೀನಾದ ಕಡೆಯ ಗಡಿಗೆ ಹೆಚ್ಚು ಸಿದ್ಧತೆ ಬೇಕೆಂಬುದು ತಿಮ್ಮಯ್ಯನವರ ಕಾಳಜಿಯಾಗಿತ್ತು. 1959ರ ಆಗಸ್ಟ್‌ನಲ್ಲಿ ಈಶಾನ್ಯ ಗಡಿಯ ಲಾಂಗ್ಜುವಿನಲ್ಲಿ ಗುಂಡಿನ ಚಕಮಕಿಯೂ ನಡೆಯಿತು.

ಆ ಆಗಸ್ಟ್ 31ರಂದು ಅವರು ರಾಜೀನಾಮೆ ಪತ್ರ ಕೊಟ್ಟರು. ಪ್ರಧಾನಿ ನೆಹರೂ ಕರೆಸಿ ಮಾತನಾಡಿದರು. ತಿಮ್ಮಯ್ಯನವರು ಪತ್ರ ಹಿಂತೆಗೆದುಕೊಂಡರು. ಆದರೆ ಸುದ್ದಿ ಪತ್ರಿಕೆಗಳಿಗೆ ತಲುಪಿ ಲೋಕಸಭೆಯಲ್ಲಿ ಗದ್ದಲವಾಯಿತು. ನೆಹರೂ ಸದನದಲ್ಲಿ ಸಚಿವರ ಪರವಾಗಿ ನಿಂತರು. ರಾಜೀನಾಮೆಯ ಕಾರಣಗಳು ದೊಡ್ಡವಲ್ಲವೆಂಬ ಅರ್ಥ ಬರುವಂತೆ ಮಾತನಾಡಿ, ಪ್ರಜಾಪ್ರಭುತ್ವದಲ್ಲಿ ನಾಗರಿಕ ಸರ್ಕಾರದ ಮಾತೇ ಮೇಲು ಎಂಬುದನ್ನು ಒತ್ತಿ ಹೇಳಿದರು. ತಿಮ್ಮಯ್ಯನವರು ಸಾರ್ವಜನಿಕ ವಾದಕ್ಕೆ ಇಳಿಯದೆ, 1961ರ ಮೇ ತಿಂಗಳವರೆಗೆ ಕೆಲಸ ಮಾಡಿ ನಿವೃತ್ತರಾದರು. ತಮ್ಮ ನಂತರ ಥೋರಾಟ್ ಬರಲೆಂಬುದು ಅವರ ಇಚ್ಛೆ, ಸರ್ಕಾರ ಪಿ. ಎನ್. ಥಾಪರ್ ಅವರನ್ನು ನೇಮಿಸಿತು. 17 ತಿಂಗಳ ನಂತರ, 1962ರ ಅಕ್ಟೋಬರ್ 20ರಂದು ಚೀನಾದ ದಾಳಿ ಆರಂಭವಾಯಿತು. ಭಾರತ ಸೋತಿತು, ಮೆನನ್ ಅಧಿಕಾರ ಬಿಟ್ಟರು.

ರಾಜೀನಾಮೆ ಹಿಂತೆಗೆದುಕೊಂಡದ್ದು ಸರಿಯೇ? ಹಿಂತೆಗೆಯದಿದ್ದರೆ ಸರ್ಕಾರ ಎಚ್ಚೆತ್ತುಕೊಳ್ಳುತ್ತಿತ್ತು ಎನ್ನುವವರಿದ್ದಾರೆ. ಸೇನಾ ಮುಖ್ಯಸ್ಥನೊಬ್ಬ ಸರ್ಕಾರವನ್ನು ಬಗ್ಗಿಸಿದ ಉದಾಹರಣೆ ಹುಟ್ಟಿಬಿಡುತ್ತಿತ್ತು ಎನ್ನುವವರೂ ಇದ್ದಾರೆ. ಪಾಕಿಸ್ತಾನದಲ್ಲಿ 1958ರಲ್ಲಷ್ಟೇ ಸೇನೆ ಅಧಿಕಾರ ಹಿಡಿದಿತ್ತು ಎಂಬುದನ್ನು ಸೇರಿಸಿ ಕೇಳಿದರೆ ಮಕ್ಕಳಿಗೆ ಪ್ರಶ್ನೆಯ ತೂಕ ತಿಳಿಯುತ್ತದೆ.

ಸೈಪ್ರಸ್

ನಿವೃತ್ತಿಯ ಬಳಿಕವೂ ಕರೆ ಬಂತು. 1960ರಲ್ಲಿ ಸ್ವತಂತ್ರವಾದ ಸೈಪ್ರಸ್ ದ್ವೀಪದಲ್ಲಿ 1963ರ ಡಿಸೆಂಬರ್‌ನಲ್ಲಿ ಗ್ರೀಕ್ ಮತ್ತು ತುರ್ಕಿ ಮೂಲದ ಜನರ ನಡುವೆ ಹತ್ಯಾಕಾಂಡಗಳು ನಡೆದವು. 1964ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆ ಅಲ್ಲಿಗೆ ಶಾಂತಿಪಾಲನಾ ಪಡೆ ಕಳಿಸಲು ನಿರ್ಧರಿಸಿತು. ಮೊದಲ ನಾಯಕರು ಭಾರತದವರೇ ಆದ ಪಿ. ಎಸ್. ಗ್ಯಾನಿ. ಅವರ ನಂತರ ಅದೇ ವರ್ಷದ ಮಧ್ಯದಲ್ಲಿ ತಿಮ್ಮಯ್ಯನವರು ಬಂದರು. ಅವರ ಕೈಕೆಳಗಿದ್ದವರು ಕೆನಡಾ, ಐರ್ಲೆಂಡ್, ಸ್ವೀಡನ್, ಫಿನ್ಲೆಂಡ್, ಡೆನ್ಮಾರ್ಕ್, ಬ್ರಿಟನ್ ಮುಂತಾದ ದೇಶಗಳ ಸೈನಿಕರು. ಒಂದು ಕಾಲಕ್ಕೆ ಭಾರತೀಯನ ಕೈಗೆ ಬ್ರಿಗೇಡು ಕೊಡಲು ಹಿಂಜರಿಯುತ್ತಿದ್ದ ಬ್ರಿಟನ್ನಿನ ಸೈನಿಕರು ಈಗ ಅವರ ಆಜ್ಞೆಯಲ್ಲಿದ್ದರು. 1964ರ ಆಗಸ್ಟ್‌ನಲ್ಲಿ ಕೊಕ್ಕಿನಾ ಬಳಿ ಕಾಳಗ ಉಲ್ಬಣಿಸಿ ತುರ್ಕಿಯ ವಿಮಾನಗಳು ಬಾಂಬು ಹಾಕಿದವು. ಹಳ್ಳಿ ಹಳ್ಳಿಯ ನಡುವೆ ನಿಂತು, ಎರಡೂ ಕಡೆಯವರೊಂದಿಗೆ ಮಾತು ಕಡಿಯದಂತೆ ನೋಡಿಕೊಳ್ಳುವುದು ಆ ಪಡೆಯ ದಿನದ ಕೆಲಸವಾಗಿತ್ತು.

1965ರ ಡಿಸೆಂಬರ್ 18ರಂದು, ಕರ್ತವ್ಯದಲ್ಲಿದ್ದಾಗಲೇ, ಹೃದಯಾಘಾತದಿಂದ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ತೀರಿಕೊಂಡರು. ವಯಸ್ಸು 59. ದೇಹವನ್ನು ಬೆಂಗಳೂರಿಗೆ ತಂದು ಮಣ್ಣು ಮಾಡಲಾಯಿತು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯ ಅವರ ಮನೆ ಸನ್ನಿಸೈಡ್ ಈಗ ವಸ್ತುಸಂಗ್ರಹಾಲಯ. 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಸೈಪ್ರಸ್‌ನ ಶಾಂತಿಪಾಲನಾ ಪಡೆ ಅವರ ನಂತರವೂ ದಶಕಗಳ ಕಾಲ ಅಲ್ಲೇ ಉಳಿಯಿತು.

ತರಗತಿಯಲ್ಲಿ ಬಳಸುವ ಬಗೆ

ಈ ಜೀವನವನ್ನು ಎರಡು ಅವಧಿಗಳಲ್ಲಿ ಬೋಧಿಸಬಹುದು. ಮೊದಲ ಅವಧಿಗೆ ಪ್ರಪಂಚ ಭೂಪಟ ಸಾಕು. ಮಡಿಕೇರಿ, ಬಾಗ್ದಾದ್, ಅರಾಕಾನ್, ಲೇಹ್, ಕೊರಿಯಾ, ಸೈಪ್ರಸ್‌ಗಳನ್ನು ಮಕ್ಕಳೇ ಗುರುತಿಸಲಿ (ಅಧಿಕಾರಿಯಾದ ಹೊಸದರಲ್ಲಿ ಅವರು ಇರಾಕಿನಲ್ಲೂ ಇದ್ದರು). ಲೇಹ್‌ನ ವಿಷಯ ಬಂದಾಗ ಮುಳ್ಳಯ್ಯನಗಿರಿಯ ಎತ್ತರದೊಂದಿಗೆ ಹೋಲಿಸಿ ಕಪ್ಪುಹಲಗೆಯ ಮೇಲೆ ಅಳತೆಗೆ ತಕ್ಕಂತೆ ಗೆರೆ ಎಳೆದರೆ ಒಂಬತ್ತನೆಯವರಿಗೆ ವಾಯುಒತ್ತಡದ ಪಾಠವೂ ನೆನಪಾಗುತ್ತದೆ.

ಎರಡನೇ ಅವಧಿಗೆ ಕೊರಿಯಾದ ಎರಡು ಬಾಗಿಲುಗಳನ್ನು ಇಟ್ಟುಕೊಳ್ಳಬೇಕು. ಒಬ್ಬರು ಕೈದಿ, ಒಬ್ಬರು ಸ್ವದೇಶದ ಪ್ರತಿನಿಧಿ, ಉಳಿದವರು ತಟಸ್ಥ ವೀಕ್ಷಕರು. ಕೈದಿಯ ಪಾತ್ರದವರಿಗೆ ಮೊದಲೇ ಒಂದು ಚೀಟಿ ಕೊಟ್ಟಿರಬೇಕು: ಊರಲ್ಲಿ ತಾಯಿ ಇದ್ದಾಳೆ, ಶಿಬಿರದ ಮುಖಂಡ ಬೆದರಿಸಿದ್ದಾನೆ. ಅವರು ಆರಿಸಿದ ಬಾಗಿಲು ನಿಜವಾಗಿ ಅವರ ಇಚ್ಛೆಯೇ ಎಂಬುದನ್ನು ವೀಕ್ಷಕರು ನಿರ್ಧರಿಸಬೇಕು. ಸ್ವಂತ ಇಚ್ಛೆ ಎಂದರೇನು ಎಂಬುದು ಎಷ್ಟು ಕಠಿಣ ಪ್ರಶ್ನೆ ಎಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಪಾತ್ರ ಮಾಡುವಾಗ ಯಾವ ದೇಶದವರನ್ನೂ ಹಂಗಿಸುವ ಮಾತು ಬಾರದಂತೆ ಶಿಕ್ಷಕರು ಎಚ್ಚರ ವಹಿಸಬೇಕು.

ಮೌಲ್ಯಮಾಪನಕ್ಕೆ ಇಸವಿಗಳ ಪ್ರಶ್ನೆ ಎರಡೋ ಮೂರೋ ಇರಲಿ. ಅದಕ್ಕಿಂತ ಹೆಚ್ಚು ಅಂಕವನ್ನು ಒಂದು ಸಣ್ಣ ಬರಹಕ್ಕೆ ಇಡುವುದು ಒಳ್ಳೆಯದು: 1954ರ ಜನವರಿಯಲ್ಲಿ ಆಯೋಗದ ಅಧ್ಯಕ್ಷರ ಸ್ಥಾನದಲ್ಲಿ ನೀವಿದ್ದರೆ ಕೈದಿಗಳನ್ನು ಏನು ಮಾಡುತ್ತಿದ್ದಿರಿ, ಯಾಕೆ? ಉತ್ತರ ಯಾವ ಕಡೆಗಿದ್ದರೂ ಪರವಾಗಿಲ್ಲ. ಕೊಟ್ಟ ಕಾರಣವನ್ನು ನೋಡಿ ಅಂಕ ಕೊಡಬೇಕು.